ನೋವಿಗೆ ಕರೆಂಟ್ ಚಿಕಿತ್ಸೆ: ಟೆನ್ಸ್ ಯಂತ್ರವನ್ನು ಮನೆಯಲ್ಲಿ ಸರಿಯಾಗಿ ಬಳಸುವುದು ಹೇಗೆ?

"ಫಿಸಿಯೋಥೆರಪಿಯಲ್ಲಿ ಕರೆಂಟ್ ಇಡ್ತಾರಲ್ಲ, ಅದು ಒಳಗೆ ಏನು ಮಾಡುತ್ತೆ? ಮನೆಯಲ್ಲೇ ಇಟ್ಟುಕೊಳ್ಳಬಹುದಾ? ಎಷ್ಟು ಹೊತ್ತು? ಪ್ಯಾಡ್ ಎಲ್ಲಿ ಅಂಟಿಸಬೇಕು?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಸೇರಿಸಿದ್ದೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಕರೆಂಟ್ ಇಟ್ಟರೆ ಸವೆದ ಮಂಡಿ ಹೊಸದಾಗುವುದಿಲ್ಲ. ಜಾರಿದ ಡಿಸ್ಕ್ ತನ್ನ ಜಾಗಕ್ಕೆ ವಾಪಸ್ ಹೋಗುವುದಿಲ್ಲ. ಕರೆಂಟ್ ಕೊಡುವುದು ಸ್ವಲ್ಪ ಹೊತ್ತಿನ ಬಿಡುವು ಮಾತ್ರ. ಆ ಬಿಡುವಿನಲ್ಲಿ ನೀವು ಎದ್ದು ನಡೆದರೆ, ಹೇಳಿಕೊಟ್ಟ ವ್ಯಾಯಾಮ ಮಾಡಿದರೆ ಅದರಿಂದ ಲಾಭ. ಪ್ಯಾಡ್ ಹಾಕಿಕೊಂಡು ಸುಮ್ನೆ ಮಲಗಿದರೆ ಆ ಬಿಡುವು ಹಾಗೇ ಕಳೆದುಹೋಗುತ್ತದೆ. ಮುಂದಿನ ಹಂತಗಳನ್ನೆಲ್ಲ ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ನಿಮ್ಮ ಕೈಯಲ್ಲಿರುವುದು ಯಾವ ಯಂತ್ರ?

ಎಲ್ಲವನ್ನೂ ನಾವು "ಕರೆಂಟ್" ಎಂದೇ ಕರೆದರೂ ಯಂತ್ರಗಳು ಬೇರೆ ಬೇರೆ. ಗೊಂದಲ ಶುರುವಾಗುವುದೇ ಇಲ್ಲಿ.

ಟೆನ್ಸ್ ಎಂಬುದು ನೋವು ತಗ್ಗಿಸುವ ಯಂತ್ರ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಬ್ಯಾಟರಿಯಿಂದ ನಡೆಯುತ್ತದೆ. ಚರ್ಮಕ್ಕೆ ಅಂಟಿಸಿದ ಪ್ಯಾಡ್‌ಗಳ ಮೂಲಕ ಕೆಳಗಿನ ನರಗಳಿಗೆ ಸಣ್ಣ ಸಣ್ಣ ಮಿಡಿತಗಳನ್ನು ಕಳಿಸುತ್ತದೆ. ಮನೆಯಲ್ಲಿ ಬಳಸಲು ಸರಿಹೊಂದುವುದು ಇದೇ. ಈ ಲೇಖನದ ಹೆಚ್ಚಿನ ಭಾಗವೂ ಇದರ ಬಗ್ಗೆಯೇ.

ಇಎಂಎಸ್ ಅಥವಾ ಎನ್‌ಎಂಇಎಸ್ ಎಂದು ಬರೆದಿದ್ದರೆ ಅದು ಸ್ನಾಯುವನ್ನು ಬಿಗಿಗೊಳಿಸಿ ಬಲ ತರಿಸುವ ಯಂತ್ರ. ಆಪರೇಷನ್ ಆದಮೇಲೆ ಸೋತ ತೊಡೆಗೆ ಇದನ್ನು ಕೊಡುತ್ತಾರೆ. ಕೆಲವು ಯಂತ್ರಗಳಲ್ಲಿ ಟೆನ್ಸ್ ಮತ್ತು ಇಎಂಎಸ್ ಎರಡೂ ಇರುತ್ತವೆ. ಹಾಗಿದ್ದರೆ ಯಾವುದು ಆನ್ ಆಗಿದೆ ಎಂದು ಪ್ರತಿ ಸಲವೂ ನೋಡಿ. ನೋವಿಗೆಂದು ಇಎಂಎಸ್ ಹಾಕಿಕೊಂಡು, ಸ್ನಾಯು ಹಿಡಿದಂತಾಗಿ ಹೆದರಿ ಯಂತ್ರವನ್ನೇ ಮೂಲೆಗೆ ಹಾಕಿದವರು ಬಹಳ ಜನ.

ಐಎಫ್‌ಟಿ ಎಂಬುದು ಚಿಕಿತ್ಸಾ ಕೇಂದ್ರಗಳಲ್ಲಿ ನೋವಿಗೆಂದು ಬಳಸುವ ದೊಡ್ಡ ಯಂತ್ರ. ಇದರಲ್ಲಿ ಎರಡು ಕರೆಂಟ್‌ಗಳು ದೇಹದೊಳಗೆ ಒಂದನ್ನೊಂದು ಅಡ್ಡ ಹಾಯುತ್ತವೆ. ಒಂದು ಸೆಕೆಂಡಿಗೆ 4000 ಸಲ ಮಿಡಿದರೆ ಇನ್ನೊಂದು 4100 ಸಲ. ಅವೆರಡೂ ಕೂಡುವ ಜಾಗದಲ್ಲಿ ವ್ಯತ್ಯಾಸದಷ್ಟು, ಅಂದರೆ 100 ಏರಿಳಿತಗಳು ಹುಟ್ಟುತ್ತವೆ. ಮಿಡಿತ ವೇಗವಾಗಿದ್ದಷ್ಟೂ ಚರ್ಮದ ಅಡ್ಡಿ ಕಡಿಮೆ. ಹಾಗಾಗಿ ಚುಚ್ಚಿದಂತಾಗುವುದೂ ಕಡಿಮೆ.

ಇದು ಕೆಲಸ ಮಾಡುವುದು ಹೇಗೆ?

ಮೊಣಕೈ ಬಾಗಿಲಿಗೆ ತಾಗಿದರೆ ಇನ್ನೊಂದು ಕೈ ತಾನಾಗಿ ಅಲ್ಲಿಗೆ ಹೋಗಿ ಉಜ್ಜುತ್ತದೆ, ಅಲ್ವಾ? ಉಜ್ಜಿದಾಗ ನೋವು ತಗ್ಗುವುದು ನಿಜ. ಇದಕ್ಕೆ 1965ರಲ್ಲಿ ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು ಒಂದು ವಿವರಣೆ ಕೊಟ್ಟರು. ನೋವಿನ ಸುದ್ದಿ ಮಿದುಳಿಗೆ ಹೋಗುವ ಮೊದಲು ಬೆನ್ನುಹುರಿಯಲ್ಲಿ ಒಂದು ಗೇಟ್ ದಾಟಬೇಕು. ಸ್ಪರ್ಶದ ಸುದ್ದಿ ತರುವ ದಪ್ಪ ನರಗಳು ಚುರುಕಾದಾಗ ಆ ಗೇಟ್ ಅರ್ಧ ಮುಚ್ಚಿಕೊಳ್ಳುತ್ತದೆ. ಟೆನ್ಸ್ ಮಾಡುವುದು ಇದನ್ನೇ. ಕೈಯಿಂದ ಉಜ್ಜುವ ಬದಲು ಮಿಡಿತಗಳಿಂದ ಆ ದಪ್ಪ ನರಗಳನ್ನು ಎಬ್ಬಿಸುತ್ತದೆ. ಇನ್ನೊಂದು ದಾರಿಯೂ ಇದೆ. ನಿಧಾನವಾದ, ಜೋರಾದ ಮಿಡಿತಗಳು ದೇಹದೊಳಗಿನ ನೋವು ನಿವಾರಕಗಳನ್ನು ಬಿಡುಗಡೆ ಮಾಡಿಸುತ್ತವೆ. ಎಂಡಾರ್ಫಿನ್ ಎಂಬ ಹೆಸರು ನೀವು ಕೇಳಿರಬಹುದು.

ಉಪಾಯ ಹೊಸದೇನಲ್ಲ. ಸುಮಾರು 2000 ವರ್ಷಗಳ ಹಿಂದೆ ರೋಮ್‌ನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್ ತಲೆನೋವಿಗೆ ಮತ್ತು ಗೌಟ್ (ಕೀಲು ಊದಿ ನೋಯುವ ಕಾಯಿಲೆ) ನೋವಿಗೆ ಕರೆಂಟ್ ಹೊಡೆಯುವ ಮೀನನ್ನು ಬಳಸಲು ಬರೆದಿಟ್ಟಿದ್ದ.

ಹಾಗಾದರೆ ಎಷ್ಟು ನಂಬಬೇಕು? 2022ರಲ್ಲಿ 381 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಟೆನ್ಸ್ ಹಾಕಿಕೊಂಡಿರುವಾಗ ಮತ್ತು ತೆಗೆದ ಕೂಡಲೇ ನೋವು ತಗ್ಗುತ್ತದೆ ಎಂದು ಕಂಡುಬಂತು. ಆದರೆ ಬ್ರಿಟನ್‌ನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್, ಸೊಂಟನೋವಿಗೆ ಟೆನ್ಸ್ ಕೊಡಬೇಡಿ ಎಂದು 2016ರಲ್ಲೇ ಹೇಳಿದೆ. ಇವೆರಡೂ ಒಂದಕ್ಕೊಂದು ವಿರುದ್ಧ ಎನಿಸಬಹುದು. ನನಗೆ ಹಾಗನಿಸುವುದಿಲ್ಲ. ಆ ಹೊತ್ತಿನ ನೋವು ತಗ್ಗುವುದು ಒಂದು, ತಿಂಗಳುಗಟ್ಟಲೆ ಸೊಂಟ ಸರಿಯಾಗಿರುವುದು ಇನ್ನೊಂದು. ಯಂತ್ರದಿಂದ ಮೊದಲನೆಯದನ್ನು ಮಾತ್ರ ನಿರೀಕ್ಷಿಸಿ.

ಯಾರು ಬಳಸಬಾರದು?

ಈ ಭಾಗವನ್ನು ಹಾರಿಸಿ ಓದಬೇಡಿ.

ಎದೆಯಲ್ಲಿ ಪೇಸ್‌ಮೇಕರ್ ಅಥವಾ ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರ್ ಇದ್ದರೆ ಟೆನ್ಸ್ ಮುಟ್ಟಬೇಡಿ. ಯಂತ್ರದ ಮಿಡಿತವನ್ನು ಅವು ಹೃದಯದ ಮಿಡಿತ ಎಂದು ತಪ್ಪು ತಿಳಿಯುವ ಅಪಾಯವಿದೆ. ಹೃದಯದ ವೈದ್ಯರು ನೋಡಿ ಒಪ್ಪಿದರೆ ಮಾತ್ರ ಮುಂದಿನ ಮಾತು. ಮೂರ್ಛೆರೋಗ ಇರುವವರು, ಗರ್ಭಿಣಿಯರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂಬ ಅನುಮಾನ ಇರುವವರು ವೈದ್ಯರನ್ನು ಕೇಳದೆ ಶುರು ಮಾಡಬಾರದು. ಮಂಡಿ ಬದಲಿಸಿಕೊಂಡವರು "ಒಳಗೆ ಲೋಹ ಇದೆಯಲ್ಲ" ಎಂದು ಹೆದರುತ್ತಾರೆ. ಟೆನ್ಸ್‌ಗೆ ಅದು ಸಾಮಾನ್ಯವಾಗಿ ಅಡ್ಡಿಯಲ್ಲ. ಆದರೂ ನಿಮ್ಮ ಸರ್ಜನ್‌ಗೆ ಒಂದು ಮಾತು ಹೇಳಿ.

ಯಾರೇ ಆಗಲಿ ಪ್ಯಾಡ್ ಇಡಬಾರದ ಜಾಗಗಳು:

- ಕತ್ತಿನ ಮುಂಭಾಗ ಮತ್ತು ಪಕ್ಕ. ಅಲ್ಲಿ ರಕ್ತದೊತ್ತಡ ನಿಯಂತ್ರಿಸುವ ನರಗಳಿವೆ, ಗಂಟಲು ಬಿಗಿಯುವ ಅಪಾಯವೂ ಇದೆ.
- ತಲೆ ಮತ್ತು ಕಣ್ಣಿನ ಸುತ್ತ.
- ಎದೆಯ ಮೇಲೆ, ಅಥವಾ ಒಂದು ಪ್ಯಾಡ್ ಎದೆಗೆ ಇನ್ನೊಂದು ಬೆನ್ನಿಗೆ.
- ಗಾಯ, ಕಜ್ಜಿ, ಸೋಂಕು ಇರುವ ಚರ್ಮ.
- ಮರಗಟ್ಟಿದ ಚರ್ಮ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರು ಇದನ್ನು ಮುಖ್ಯವಾಗಿ ಗಮನಿಸಿ. ಸುಟ್ಟರೂ ನಿಮಗೆ ಗೊತ್ತಾಗುವುದಿಲ್ಲ.

ಹಂತ 1: ನೋವು ಯಾಕೆ ಬಂದಿದೆ ಎಂದು ಮೊದಲು ತಿಳಿದುಕೊಳ್ಳಿ

ಕಾರಣ ಗೊತ್ತಿಲ್ಲದ ನೋವನ್ನು ಕರೆಂಟ್‌ನಿಂದ ಮುಚ್ಚಬೇಡಿ. ಸೊಂಟನೋವಿನ ಜೊತೆ ತೊಡೆಸಂದಿ ಮರಗಟ್ಟಿದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ಕಾಲಿನ ಬಲ ಕುಂದಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಎದೆನೋವು ಅಥವಾ ಎಡ ತೋಳಿಗೆ ಹರಡುವ ನೋವಿದ್ದರೂ ಅಷ್ಟೇ, ಒಂದು ನಿಮಿಷವೂ ತಡ ಮಾಡಬೇಡಿ. ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ, ಜ್ವರದ ಜೊತೆ ನೋವಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ವೈದ್ಯರು ನೋಡಲೇಬೇಕು. ಇದೆಲ್ಲ ಇಲ್ಲ, ನೋವಿನ ಕಾರಣವೂ ಗೊತ್ತಿದೆ ಎಂದಾದರೆ ಮುಂದುವರಿಯಿರಿ.

ಸಾಧ್ಯವಾದರೆ ಮೊದಲ ಸಲ ಫಿಸಿಯೋಥೆರಪಿಸ್ಟ್ ಎದುರಲ್ಲೇ ಹಾಕಿಕೊಳ್ಳಿ. ಪ್ಯಾಡ್ ಇಟ್ಟ ಜಾಗವನ್ನು ಫೋಟೋ ತೆಗೆದುಕೊಳ್ಳಿ. ಆಮೇಲೆ ಬಹಳ ಉಪಯೋಗಕ್ಕೆ ಬರುತ್ತದೆ.

ಹಂತ 2: ಚರ್ಮ ಪರೀಕ್ಷಿಸಿ, ಸಿದ್ಧ ಮಾಡಿ

ಕಣ್ಣು ಮುಚ್ಚಿ ಕುಳಿತುಕೊಳ್ಳಿ. ಮನೆಯವರೊಬ್ಬರು ಪ್ಯಾಡ್ ಇಡುವ ಜಾಗಕ್ಕೆ ಒಮ್ಮೆ ಹಲ್ಲುಕಡ್ಡಿಯ ತುದಿ, ಒಮ್ಮೆ ಹತ್ತಿಯನ್ನು ಮೆಲ್ಲಗೆ ತಾಗಿಸಲಿ. ಯಾವುದು ಚೂಪು, ಯಾವುದು ಮೆತ್ತಗೆ ಎಂದು ಹೇಳಲು ಬರಬೇಕು. ಬರದಿದ್ದರೆ ಆ ಜಾಗ ಬೇಡ.

ನಂತರ ಸೋಪು ನೀರಿನಿಂದ ತೊಳೆದು ಪೂರ್ತಿ ಒಣಗಿಸಿ. ಎಣ್ಣೆ, ಮುಲಾಮು, ಲೋಷನ್ ಏನೂ ಇರಬಾರದು. ಇದ್ದರೆ ಪ್ಯಾಡ್ ಅಲ್ಲಲ್ಲಿ ಮಾತ್ರ ಅಂಟುತ್ತದೆ, ಅಂಟಿದ ಚೂರಿನಲ್ಲೇ ಕರೆಂಟ್ ಎಲ್ಲ ನುಗ್ಗಿ ಚುರ್ ಎನ್ನುತ್ತದೆ. ಕೂದಲು ಜಾಸ್ತಿ ಇದ್ದರೆ ಕತ್ತರಿಯಿಂದ ಕತ್ತರಿಸಿ. ರೇಜರ್‌ನಿಂದ ಬೋಳಿಸಿ ತಕ್ಷಣ ಪ್ಯಾಡ್ ಹಾಕಿದರೆ ಚರ್ಮ ಉರಿಯುತ್ತದೆ.

ಹಂತ 3: ಯಂತ್ರ ಆಫ್ ಇರುವಾಗಲೇ ಪ್ಯಾಡ್ ಅಂಟಿಸಿ

ಒಂದು ಜೊತೆ ಪ್ಯಾಡ್‌ಗೆ ಒಂದು ಚಾನೆಲ್, ಅಂದರೆ ಯಂತ್ರದಿಂದ ಕರೆಂಟ್ ಹೊರಡುವ ಒಂದು ದಾರಿ. ಕರೆಂಟ್ ಹರಿಯುವುದು ಜೊತೆಯ ಎರಡು ಪ್ಯಾಡ್‌ಗಳ ನಡುವೆ. ಆದ್ದರಿಂದ ನೋವು ಆ ಎರಡರ ನಡುವೆ ಸಿಗಬೇಕು.

ಸೊಂಟನೋವಿಗೆ ಬೆನ್ನುಮೂಳೆಯ ಎರಡೂ ಬದಿಯ ಮಾಂಸದ ಭಾಗಕ್ಕೆ ಇಡಿ, ಮೂಳೆಯ ಮೇಲೆ ಬೇಡ. ಮಂಡಿಗೆ ನಾಲ್ಕು ಪ್ಯಾಡ್ ಇದ್ದರೆ ಒಳ್ಳೆಯದು. ಮಂಡಿಚಿಪ್ಪಿಗಿಂತ ಸ್ವಲ್ಪ ಮೇಲೆ ಎರಡು, ಕೆಳಗೆ ಎರಡು ಇಟ್ಟು, ಎರಡು ಚಾನೆಲ್‌ಗಳು ಗುಣಾಕಾರದ ಗುರುತಿನಂತೆ ಅಡ್ಡಡ್ಡ ಹಾಯುವ ಹಾಗೆ ವೈರ್ ಸೇರಿಸಿ. ಭುಜಕ್ಕಾದರೆ ಮುಂದೊಂದು ಹಿಂದೊಂದು, ಆದರೆ ಕೀಲಿನ ಹತ್ತಿರವೇ ಇರಲಿ, ಎದೆಯ ಕಡೆ ಸರಿಯಬಾರದು. ನೋವಿನ ಜಾಗವನ್ನು ಮುಟ್ಟಿದರೇ ತಾಳಲಾಗುವುದಿಲ್ಲ ಎನ್ನುವವರು ಅದೇ ನರ ಹಾದುಹೋಗುವ ದಾರಿಯಲ್ಲಿ, ಸ್ವಲ್ಪ ಮೇಲೆ ಇಡಬಹುದು.

ಪ್ಯಾಡ್‌ಗಳು ಒಂದಕ್ಕೊಂದು ತಾಗಬಾರದು, ನಡುವೆ ಕನಿಷ್ಠ 3 ಸೆಂಟಿಮೀಟರ್ ಬಿಡಿ. ತೀರಾ ಹತ್ತಿರ ಇದ್ದರೆ ಕರೆಂಟ್ ಚರ್ಮದ ಮೇಲ್ಪದರದಲ್ಲೇ ಓಡುತ್ತದೆ. ದೂರ ಇಟ್ಟಷ್ಟೂ ಆಳಕ್ಕೆ ಇಳಿಯುತ್ತದೆ. ಪ್ಯಾಡಿನ ಅಳತೆಯೂ ಮುಖ್ಯ. ಸೊಂಟಕ್ಕೆ, ಮಂಡಿಗೆ 5×5 ಸೆಂಟಿಮೀಟರ್ ಅಥವಾ ಅದಕ್ಕಿಂತ ದೊಡ್ಡದು ಇರಲಿ. ಚಿಕ್ಕ ಪ್ಯಾಡ್ ಜಾಸ್ತಿ ಚುಚ್ಚುತ್ತದೆ.

ಹಂತ 4: ಸೆಟ್ಟಿಂಗ್ ಆರಿಸಿ

ಯಂತ್ರದ ಮೇಲೆ ಮೂರು ಪದಗಳು ಕಾಣುತ್ತವೆ. ಫ್ರೀಕ್ವೆನ್ಸಿ ಎಂದರೆ ಸೆಕೆಂಡಿಗೆ ಎಷ್ಟು ಮಿಡಿತ, ಇದರ ಅಳತೆ ಹರ್ಟ್ಸ್. ಪಲ್ಸ್ ವಿಡ್ತ್ ಎಂದರೆ ಒಂದೊಂದು ಮಿಡಿತ ಎಷ್ಟು ಹೊತ್ತು ಇರುತ್ತದೆ ಎನ್ನುವುದು, ಇದರ ಅಳತೆ ಮೈಕ್ರೋಸೆಕೆಂಡ್, ಅಂದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ. ಇಂಟೆನ್ಸಿಟಿ ಎಂದರೆ ಜೋರು.

ಹೊಸಬರು ಹೆಚ್ಚು ಫ್ರೀಕ್ವೆನ್ಸಿಯಿಂದ ಶುರು ಮಾಡಿ: 80ರಿಂದ 100 ಹರ್ಟ್ಸ್, ಪಲ್ಸ್ ವಿಡ್ತ್ 100 ಮೈಕ್ರೋಸೆಕೆಂಡಿನ ಆಸುಪಾಸು. ಗೇಟ್ ಮುಚ್ಚುವ ಬಗೆ ಇದು. ಬೇಗ ಹಿತ ಕೊಡುತ್ತದೆ, ತೆಗೆದ ಮೇಲೆ ಬೇಗ ಇಳಿದೂ ಹೋಗುತ್ತದೆ. ಇದು ಸಾಲದೆ ಹೋದರೆ ಕಡಿಮೆ ಫ್ರೀಕ್ವೆನ್ಸಿಯ ಬಗೆಯನ್ನು ನೋಡಬಹುದು: 2ರಿಂದ 5 ಹರ್ಟ್ಸ್, 200 ಮೈಕ್ರೋಸೆಕೆಂಡ್. ಇದರಲ್ಲಿ ಸ್ನಾಯು ಟಪ್ ಟಪ್ ಎಂದು ಸಣ್ಣಗೆ ಹಾರುವುದು ಕಾಣಬೇಕು. ಹಿತ ಬರಲು ತಡವಾಗುತ್ತದೆ, ಆದರೆ ಸ್ವಲ್ಪ ಹೆಚ್ಚು ಹೊತ್ತು ಉಳಿಯಬಹುದು. ಓಪಿಯಾಯ್ಡ್ ಗುಂಪಿನ, ಅಂದರೆ ಮಾರ್ಫಿನ್ ಜಾತಿಯ ನೋವಿನ ಮಾತ್ರೆಯನ್ನು ದಿನವೂ ತೆಗೆದುಕೊಳ್ಳುವವರಿಗೆ ಈ ಬಗೆ ಅಷ್ಟಾಗಿ ಹಿಡಿಸದೆ ಹೋಗಬಹುದು. ಮಾತ್ರೆ ಮತ್ತು ಯಂತ್ರ ಎರಡೂ ಮಿದುಳು, ಬೆನ್ನುಹುರಿಯಲ್ಲಿ ಒಂದೇ ಬೀಗಕ್ಕೆ ಕೈ ಹಾಕುವುದೇ ಕಾರಣ.

ಹಂತ 5: ಜೋರು ಏರಿಸುವುದು

ಹೆಚ್ಚಿನವರು ಎಡವುವುದು ಇಲ್ಲಿ, ಅದೂ ಎರಡೂ ಕಡೆಗೆ.

ಸೊನ್ನೆಯಿಂದ ಶುರು ಮಾಡಿ ನಿಧಾನವಾಗಿ ಏರಿಸಿ. ಮೊದಲು ಇರುವೆ ಹರಿದಾಡಿದಂತೆ ಆಗುತ್ತದೆ. ಆಮೇಲೆ ಜುಮ್ ಜುಮ್ ಎನ್ನುತ್ತದೆ. ಹಲವರು ಅಲ್ಲೇ ನಿಲ್ಲಿಸಿಬಿಡುತ್ತಾರೆ. ಆ ಜೋರು ಸಾಲದು. "ಟೆನ್ಸ್ ನನಗೆ ಕೆಲಸ ಮಾಡಲಿಲ್ಲ" ಎನ್ನುವ ಅನೇಕರು ಅದನ್ನು ಸರಿಯಾದ ಜೋರಿನಲ್ಲಿ ಬಳಸಿಯೇ ಇರುವುದಿಲ್ಲ. ಜುಮ್ಮೆನ್ನುವುದು ಚೆನ್ನಾಗಿ ಗಟ್ಟಿಯಾಗಿ ಗೊತ್ತಾಗಬೇಕು, ಆದರೆ ನೋಯಬಾರದು. ಹೆಚ್ಚು ಫ್ರೀಕ್ವೆನ್ಸಿಯಲ್ಲಿ ಸ್ನಾಯು ಬಿಗಿಯಲು ಶುರುವಾದರೆ ಒಂದು ಹೆಜ್ಜೆ ಇಳಿಸಿ.

ಐದು ಹತ್ತು ನಿಮಿಷದಲ್ಲಿ ಜುಮ್ಮೆನ್ನುವುದು ಮಂಕಾಗುತ್ತದೆ. ಯಂತ್ರ ಕೆಟ್ಟಿಲ್ಲ, ನರ ಅದಕ್ಕೆ ಒಗ್ಗಿಕೊಂಡಿದೆ ಅಷ್ಟೇ. ಸ್ವಲ್ಪ ಏರಿಸಿ. ಮಾಡ್ಯುಲೇಷನ್ ಎಂಬ ಸೆಟ್ಟಿಂಗ್ ಇದ್ದರೆ ಅದು ಮಿಡಿತವನ್ನು ತಾನೇ ಬದಲಿಸುತ್ತ ಇರುತ್ತದೆ, ನರ ಅಷ್ಟು ಬೇಗ ಒಗ್ಗುವುದಿಲ್ಲ.

"ಜೋರು ಇದ್ದಷ್ಟೂ ಬೇಗ ವಾಸಿ" ಎಂದುಕೊಂಡು ಹಲ್ಲು ಕಚ್ಚಿ ತಡೆದುಕೊಳ್ಳುವುದು ಇನ್ನೊಂದು ತಪ್ಪು. ಚುಚ್ಚಿದರೆ, ಉರಿದರೆ ಮೊದಲು ಯಂತ್ರ ಆಫ್ ಮಾಡಿ, ನಂತರ ಪ್ಯಾಡ್ ಅಂಚು ಎದ್ದಿದೆಯಾ, ಒಣಗಿದೆಯಾ ಎಂದು ನೋಡಿ. ಆನ್ ಇರುವಾಗ ಪ್ಯಾಡ್ ಕಿತ್ತರೆ ಚಿಕ್ಕ ಶಾಕ್ ಹೊಡೆದಂತಾಗುತ್ತದೆ.

ಹಂತ 6: ಹಾಕಿಕೊಂಡೇ ಅಲುಗಾಡಿ

ಒಂದು ಸಲಕ್ಕೆ 30 ನಿಮಿಷ ಇಟ್ಟುಕೊಳ್ಳಿ. ಮೊದಲ ದಿನ 15 ಸಾಕು, ಚರ್ಮ ಹೇಗಿದೆ ನೋಡಬೇಕಲ್ಲ. ದಿನಕ್ಕೆ ಎರಡು ಮೂರು ಸಲ ಬಳಸಬಹುದು, ನಡುವೆ ಚರ್ಮಕ್ಕೆ ಬಿಡುವು ಕೊಡಿ.

ಮೊದಲ ಹತ್ತು ನಿಮಿಷ ಕುಳಿತಿರಿ. ನೋವು ತಗ್ಗಿತು ಎನಿಸಿದ ಮೇಲೆ, ಪ್ಯಾಡ್ ಇರುವಾಗಲೇ, ಮಾಡಬೇಕಾದ ವ್ಯಾಯಾಮ ಮಾಡಿ. ಮಂಡಿನೋವಿದ್ದರೆ ಕುರ್ಚಿಯಿಂದ ಎದ್ದು ಕೂರುವುದನ್ನು ಹತ್ತು ಸಲ ಮಾಡಿ. ಸೊಂಟಕ್ಕಾದರೆ ಮನೆಯೊಳಗೇ ನಡೆಯಿರಿ. ಭುಜಕ್ಕಾದರೆ ಬೆರಳುಗಳನ್ನು ಗೋಡೆಯ ಮೇಲೆ ಮೆಟ್ಟಿಲು ಹತ್ತಿಸಿದಂತೆ ಮೇಲಕ್ಕೆ ಒಯ್ಯಿರಿ. ಟೆನ್ಸ್ ಹೆಚ್ಚು ನೆರವಾಗುವುದು ಕದಲಿದಾಗ ಬರುವ ನೋವಿಗೆ. ಅದನ್ನು ಮಲಗಿಕೊಂಡು ಬಳಸಿದರೆ ಮಳೆ ನಿಂತ ಮೇಲೆ ಕೊಡೆ ಬಿಚ್ಚಿದಂತೆ.

ಆದರೆ ನೋವು ಗೊತ್ತಾಗುತ್ತಿಲ್ಲ ಎಂದು ಭಾರ ಎತ್ತಬೇಡಿ, ಹೊಸ ಸಾಹಸಕ್ಕೆ ಇಳಿಯಬೇಡಿ. ವಾಹನ ಓಡಿಸುವಾಗ, ಸ್ನಾನ ಮಾಡುವಾಗ, ಅಡುಗೆ ಒಲೆಯ ಮುಂದೆ, ನಿದ್ದೆ ಮಾಡುವಾಗ ಯಂತ್ರ ಮೈಮೇಲೆ ಇರಬಾರದು. ಪ್ಯಾಡ್ ಮೇಲೆ ಬಿಸಿನೀರಿನ ಚೀಲವನ್ನೂ ಇಡಬೇಡಿ.

ಹಂತ 7: ತೆಗೆಯುವುದು, ಎತ್ತಿಡುವುದು

ಜೋರನ್ನು ಸೊನ್ನೆಗೆ ಇಳಿಸಿ, ಆಫ್ ಮಾಡಿ, ಆಮೇಲೆ ಪ್ಯಾಡಿನ ಅಂಚು ಹಿಡಿದು ತೆಗೆಯಿರಿ. ವೈರ್ ಹಿಡಿದು ಎಳೆದರೆ ಒಳಗಿನ ಎಳೆ ತುಂಡಾಗುತ್ತದೆ. ಚರ್ಮ ಸ್ವಲ್ಪ ಕೆಂಪಾಗುವುದು ಸಹಜ, ಗಂಟೆಯೊಳಗೆ ಹೋಗಬೇಕು. ಹೋಗದಿದ್ದರೆ, ಗುಳ್ಳೆ ಅಥವಾ ತುರಿಕೆ ಬಂದರೆ ನಿಲ್ಲಿಸಿ. ಕೆಲವರಿಗೆ ಪ್ಯಾಡಿನ ಅಂಟೇ ಅಲರ್ಜಿ.

ಪ್ಯಾಡ್ ಒಣಗಿದರೆ ಬೆರಳತುದಿಯಿಂದ ಒಂದೆರಡು ಹನಿ ನೀರು ಸವರಿ, ಪ್ಲಾಸ್ಟಿಕ್ ಹಾಳೆಗೆ ಅಂಟಿಸಿಡಿ. ಅಂಟು ಹೋದ ಮೇಲೆ ಟೇಪ್ ಹಾಕಿ ಎಳೆದಾಡಬೇಡಿ, ಬದಲಿಸಿ. ಒಬ್ಬರ ಪ್ಯಾಡ್ ಇನ್ನೊಬ್ಬರಿಗೆ ಬೇಡ, ಒಂದೇ ಮನೆಯವರಾದರೂ ಸರಿ.

ಹಂತ 8: ಬರೆದಿಡಿ

ಹಾಕುವ ಮೊದಲು ಮತ್ತು ತೆಗೆದ ಮೇಲೆ ನೋವಿಗೆ ಸೊನ್ನೆಯಿಂದ 10ರೊಳಗೆ ಒಂದು ಅಂಕ ಕೊಡಿ. ಸುಮ್ಮನೆ ಕುಳಿತಾಗಿನ ಅಂಕವಲ್ಲ, ನಡೆಯುವಾಗಿನ ಅಂಕ. ಎರಡು ಅಂಕದಷ್ಟು ಇಳಿದರೆ ಅದು ಲೆಕ್ಕಕ್ಕೆ ಬರುವ ಇಳಿಕೆ. ಆ ದಿನ ಎಷ್ಟು ನಡೆದಿರಿ ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. ಅಂಕ ಇಳಿದು ನಡಿಗೆ ಹೆಚ್ಚದಿದ್ದರೆ ಹಂತ 6ಕ್ಕೆ ವಾಪಸ್ ಹೋಗಿ.

ದಿನವೂ ಒಂದೇ ಸೆಟ್ಟಿಂಗ್ ಬಳಸಿದರೆ ಪರಿಣಾಮ ಕುಗ್ಗುತ್ತ ಬರಬಹುದು. ಒಂದು ದಿನ ಹೆಚ್ಚು ಫ್ರೀಕ್ವೆನ್ಸಿ, ಮರುದಿನ ಕಡಿಮೆ ಎಂದು ಬದಲಿಸಿ ನೋಡಿ.

ಸ್ನಾಯುವಿಗೆ ಬಲ ತರಿಸಲು ಬಳಸುವವರಿಗೆ

ಮಂಡಿಯ ಆಪರೇಷನ್ ಆದಮೇಲೆ ತೊಡೆಯ ಮುಂಭಾಗದ ಸ್ನಾಯು "ಏಳು" ಎಂದರೂ ಏಳುವುದಿಲ್ಲ. ಸ್ನಾಯು ಕೆಟ್ಟಿರುವುದಿಲ್ಲ. ಊದಿದ, ನೋಯುವ ಕೀಲಿನಿಂದ ಬರುವ ಸುದ್ದಿ ಬೆನ್ನುಹುರಿಯಲ್ಲೇ ಅದಕ್ಕೆ ಬ್ರೇಕ್ ಹಾಕುತ್ತದೆ. ಎನ್‌ಎಂಇಎಸ್ ಆ ಬ್ರೇಕನ್ನು ತಪ್ಪಿಸಿ ಸ್ನಾಯುವಿನ ನರವನ್ನೇ ನೇರವಾಗಿ ಮಿಡಿಸುತ್ತದೆ. ಈ ಬಳಕೆಯಲ್ಲಿ ಕರೆಂಟ್‌ನ ಲಾಭ ಗಟ್ಟಿಯಾಗಿಯೇ ಇದೆ ಎಂಬುದು ನನ್ನ ಅಭಿಪ್ರಾಯ. ಫಿಸಿಯೋಥೆರಪಿಸ್ಟ್ ಕಲಿಸಿಕೊಟ್ಟ ಮೇಲೆ ಮಾತ್ರ ಮನೆಯಲ್ಲಿ ಮಾಡಿ.

1. ತೊಡೆಯ ಮೇಲ್ಭಾಗದ ಹೊರಬದಿಗೆ ಒಂದು, ಮಂಡಿಗಿಂತ ಸ್ವಲ್ಪ ಮೇಲೆ ಒಳಬದಿಗೆ ಒಂದು ದೊಡ್ಡ ಪ್ಯಾಡ್ ಇಡಿ.
2. ಫ್ರೀಕ್ವೆನ್ಸಿ 50 ಹರ್ಟ್ಸ್ ಆಸುಪಾಸು, ಪಲ್ಸ್ ವಿಡ್ತ್ 300 ಮೈಕ್ರೋಸೆಕೆಂಡ್.
3. 10 ಸೆಕೆಂಡ್ ಬಿಗಿತ, 50 ಸೆಕೆಂಡ್ ಬಿಡುವು. ಇಂಥ 10ರಿಂದ 15 ಬಿಗಿತಗಳು.
4. ಯಂತ್ರ ಬಿಗಿಯುವಾಗ ನೀವೂ ಜೊತೆಗೆ ತೊಡೆ ಬಿಗಿಯಿರಿ. ಯಂತ್ರಕ್ಕೇ ಕೆಲಸ ಒಪ್ಪಿಸಿ ಕೂರಬೇಡಿ.

ಬಿಡುವಿನ ಸಮಯ ಕಡಿಮೆ ಮಾಡುವುದು ದೊಡ್ಡ ತಪ್ಪು. ನಾವು ತಾನಾಗಿ ಸ್ನಾಯು ಬಿಗಿದಾಗ ಅದರ ಎಳೆಗಳು ಸರದಿಯ ಮೇಲೆ ದುಡಿಯುತ್ತವೆ. ಯಂತ್ರ ಮಾತ್ರ ಪ್ಯಾಡಿನ ಕೆಳಗಿನ ಅವೇ ಎಳೆಗಳನ್ನು ಪ್ರತಿ ಸಲವೂ ಒಟ್ಟಿಗೆ ಎಬ್ಬಿಸುತ್ತದೆ, ಅವು ಬೇಗ ದಣಿಯುತ್ತವೆ. ಮರುದಿನ ಸ್ವಲ್ಪ ಮೈಕೈ ನೋವು ಬಂದರೆ ಹೆದರಬೇಡಿ. ಹೊಟ್ಟೆಗೆ ಇಎಂಎಸ್ ಬೆಲ್ಟ್ ಕಟ್ಟಿಕೊಂಡರೆ ಕೊಬ್ಬು ಕರಗುತ್ತದಾ ಎಂದು ಕೇಳುವವರಿಗೆ ಉತ್ತರ: ಇಲ್ಲ.

ಪಾರ್ಶ್ವವಾಯು ಆದಮೇಲೆ ನಡೆಯುವಾಗ ಪಾದ ಜೋತುಬೀಳುವವರಿಗೂ ಇದೇ ತತ್ವದ ಸಾಧನವಿದೆ. ಹಿಮ್ಮಡಿ ನೆಲ ಬಿಟ್ಟ ಕ್ಷಣಕ್ಕೆ ಮಂಡಿಯ ಕೆಳಗಿನ ನರಕ್ಕೆ ಮಿಡಿತ ಕೊಟ್ಟು ಪಾದವನ್ನು ಎತ್ತಿಸುತ್ತದೆ. 1961ರಲ್ಲೇ ಇದನ್ನು ಮಾಡಿ ತೋರಿಸಿದ್ದರು. ಅಳತೆ ನೋಡಿ ಹೊಂದಿಸಬೇಕಾದ ಸಾಧನ ಇದು, ಅನುಭವಿಗಳ ಹತ್ತಿರವೇ ಹಾಕಿಸಿಕೊಳ್ಳಿ.

ಗಾಯಕ್ಕೆ ಕರೆಂಟ್?

"ಕರೆಂಟ್‌ನಿಂದ ಗಾಯ ಬೇಗ ಮಾಯುತ್ತದಂತೆ, ಹೌದಾ?" ಎಂದೂ ಕೇಳುತ್ತಾರೆ. ಮಾತಿನಲ್ಲಿ ಹುರುಳಿದೆ. ಗಾಯವಾದ ಚರ್ಮದಲ್ಲಿ ತಾನಾಗಿಯೇ ಸಣ್ಣ ಕರೆಂಟ್ ಹರಿಯುತ್ತದೆ. ಜರ್ಮನಿಯ ವಿಜ್ಞಾನಿ ಎಮಿಲ್ ದು ಬುವಾ-ರೇಮಂಡ್ 1843ರಲ್ಲಿ ತನ್ನದೇ ಬೆರಳಿನ ಗಾಯದಲ್ಲಿ ಅದನ್ನು ಅಳೆದಿದ್ದ. ಚರ್ಮದ ಜೀವಕೋಶಗಳು ಗಾಯದತ್ತ ಸರಿಯಲು ಅದು ದಿಕ್ಕು ತೋರಿಸುತ್ತದೆ. ಬಹಳ ದಿನ ಹಾಸಿಗೆ ಹಿಡಿದವರ ಮಾಯದ ಹುಣ್ಣುಗಳಿಗೆ ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆ ಕೊಡುವುದುಂಟು. ಅದರ ಯಂತ್ರ ಬೇರೆ, ಪ್ಯಾಡ್ ಬೇರೆ, ಸೋಂಕು ತಡೆಯುವ ಎಚ್ಚರಿಕೆಯೂ ಬೇರೆ. ಮನೆಯ ಟೆನ್ಸ್ ಪ್ಯಾಡನ್ನು ಗಾಯದ ಮೇಲೆ ಅಂಟಿಸಬೇಡಿ.

ಎಷ್ಟು ದಿನ ಬಳಸಬೇಕು?

ಎರಡು ವಾರ ಸರಿಯಾದ ಜೋರಿನಲ್ಲಿ, ಜಾಗ ಮತ್ತು ಸೆಟ್ಟಿಂಗ್ ಬದಲಿಸಿ ನೋಡಿದರೂ ನಡೆಯುವಾಗಿನ ನೋವಿನ ಅಂಕ ಇಳಿಯದಿದ್ದರೆ ನಿಮ್ಮ ನೋವಿಗೆ ಇದು ಹೊಂದಲಿಲ್ಲ ಎಂದೇ ಅರ್ಥ. ಬರೆದಿಟ್ಟ ಪುಸ್ತಕ ತೆಗೆದುಕೊಂಡು ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ. ಹೊಂದಿತು ಎಂದಾದರೆ ವ್ಯಾಯಾಮ ಹೆಚ್ಚಿದಂತೆ ಯಂತ್ರದ ಸಮಯ ಇಳಿಸುತ್ತ ಬನ್ನಿ: ಮೊದಲು ಮಧ್ಯಾಹ್ನದ್ದು ಬಿಡಿ, ಆಮೇಲೆ ರಾತ್ರಿಯದು. ಬೆಳಗ್ಗೆ ಎದ್ದಾಗ ಕೀಲು ಜಾಸ್ತಿ ಬಿಗಿಯಾಗಿರುವವರು ಬೆಳಗಿನದನ್ನು ಕೊನೆಗೆ ಬಿಡಬಹುದು.